ಲೆಡ್ಜರ್ ಬರೆಯುವುದು, ತಾಳೆ ನೋಡುವುದು: ಜೋಡಿ ನಮೂದಿನ ಖಾತೆ ಪುಸ್ತಕಕ್ಕೊಂದು ಸಮಗ್ರ ಮಾರ್ಗದರ್ಶಿ

ಅಂಗಡಿಗೆ ಬಂದ ಗುತ್ತಿಗೆದಾರ "ನನ್ನ ಲೆಕ್ಕದಲ್ಲಿ ಬಾಕಿ ಎಷ್ಟಿದೆ ನೋಡಿ" ಎಂದರೆ ರೋಜು ಕಿರ್ದಿ ತೆರೆದು ಪ್ರಯೋಜನವಿಲ್ಲ. ಅದರಲ್ಲಿ ಎಲ್ಲವೂ ಇದೆ, ಆದರೆ ತಾರೀಖಿನ ಪ್ರಕಾರ ಇದೆ. ಮಾಲು ಹೋದದ್ದು 14ಕ್ಕೆ, ದುಡ್ಡು ಬಂದದ್ದು 22ಕ್ಕೆ, ನಡುವೆ ಬೇರೆಯವರ ನೂರು ವ್ಯವಹಾರ. ಈಗ ಬೇಕಿರುವುದು ಆತನ ಹೆಸರಿನಡಿ ಬರೆದ ಒಂದೇ ಪುಟ. ಆ ಪುಟಕ್ಕೆ ಖಾತೆ ಎನ್ನುತ್ತೇವೆ. ಅಂಥ ಪುಟಗಳೆಲ್ಲ ಸೇರಿದ್ದು ಲೆಡ್ಜರ್, ಅಂದರೆ ಖಾತೆ ಪುಸ್ತಕ.

ಕಿರ್ದಿ "ಯಾವಾಗ ಏನಾಯಿತು" ಎಂದು ಹೇಳಿದರೆ ಲೆಡ್ಜರ್ "ಯಾರ ಹತ್ತಿರ, ಯಾವುದರಲ್ಲಿ ಎಷ್ಟು ನಿಂತಿದೆ" ಎಂದು ಹೇಳುತ್ತದೆ. 1494ರಲ್ಲಿ ವೆನಿಸ್‌ನಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ ಜೋಡಿ ನಮೂದಿನ ಪದ್ಧತಿಯನ್ನು, ಅಂದರೆ ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎಂದು ಎರಡು ಕಡೆ ಬರೆಯುವುದನ್ನು, ಮೊದಲ ಬಾರಿ ವಿವರವಾಗಿ ಅಚ್ಚು ಹಾಕಿಸಿದಾಗಲೂ ಮೂರು ಪುಸ್ತಕ ಹೇಳಿದ್ದ: ಕಚ್ಚಾ ಚಿಟ್ಟೆ, ಕಿರ್ದಿ, ಖಾತೆ ಪುಸ್ತಕ. ಇವತ್ತು ಕಚ್ಚಾ ಚಿಟ್ಟೆಯ ಜಾಗದಲ್ಲಿ ಬಿಲ್ಲು, ವೋಚರ್‌ಗಳಿವೆ. ಉಳಿದೆರಡು ಹಾಗೇ ಇವೆ.

ಉದಾಹರಣೆಗೆ ದಾವಣಗೆರೆಯಲ್ಲಿ ಏಪ್ರಿಲ್ 1ಕ್ಕೆ ಶುರುವಾದ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಳ್ಳೋಣ. ಜಿಎಸ್‌ಟಿ ನೋಂದಣಿ ಇದೆ, ಮಾರುವುದು ಪಿವಿಸಿ ಪೈಪು ಮತ್ತು ಫಿಟ್ಟಿಂಗ್, ತೆರಿಗೆ 18%. ಒಂದು ತಿಂಗಳ ಲೆಕ್ಕವನ್ನು ಕೊನೆಯವರೆಗೂ ಇದರ ಮೇಲೇ ಬರೆಯೋಣ. ಪೆನ್ಸಿಲ್, ಕಾಗದ ಹಿಡಿದು ಕೂತರೆ ಒಳ್ಳೆಯದು. ಲೆಡ್ಜರ್ ಓದಿ ಕಲಿಯುವಂಥದ್ದಲ್ಲ.

ಹಂತ 1: ಬರೆಯುವ ಮುಂಚೆ ಖಾತೆಗಳ ಪಟ್ಟಿ

ಮುಂದೆ ಬರುವ ತಪ್ಪುಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟುತ್ತವೆ. ಮೊದಲ ಬಿಲ್ಲು ಬರುವ ಮುನ್ನ ಯಾವ ಯಾವ ಹೆಸರಿನ ಪುಟ ಬೇಕು ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಖಾತೆಯೂ ಐದು ಗುಂಪುಗಳಲ್ಲಿ ಒಂದಕ್ಕೆ ಸೇರಲೇಬೇಕು: ಆಸ್ತಿ, ಹೊಣೆ, ಬಂಡವಾಳ, ಆದಾಯ, ಖರ್ಚು.

ನಿಯಮ ಇಷ್ಟೇ. ಆಸ್ತಿ ಮತ್ತು ಖರ್ಚು ಹೆಚ್ಚಾದರೆ ಡೆಬಿಟ್, ಕಡಿಮೆಯಾದರೆ ಕ್ರೆಡಿಟ್. ಹೊಣೆ, ಬಂಡವಾಳ, ಆದಾಯ ಹೆಚ್ಚಾದರೆ ಕ್ರೆಡಿಟ್, ಕಡಿಮೆಯಾದರೆ ಡೆಬಿಟ್. ಪಿಯುಸಿಯಲ್ಲಿ ವ್ಯಕ್ತಿ ಖಾತೆ, ನೈಜ ಖಾತೆ, ನಾಮಮಾತ್ರ ಖಾತೆ ಎಂದು ಮೂರು ಸೂತ್ರ ಉರು ಹೊಡೆದವರು ಅದನ್ನೇ ಬಳಸಬಹುದು, ಉತ್ತರ ಒಂದೇ ಬರುತ್ತದೆ. ಎರಡನ್ನೂ ಬೆರೆಸಿ ಯೋಚಿಸಲು ಹೋದರೆ ಮಾತ್ರ ತಲೆ ಕೆಡುತ್ತದೆ.

ಖಾತೆಗಳಿಗೆ ಸಂಖ್ಯೆ ಕೊಡಿ: ಆಸ್ತಿಗೆ 1000ದಿಂದ, ಹೊಣೆಗೆ 2000ದಿಂದ, ಬಂಡವಾಳಕ್ಕೆ 3000ದಿಂದ, ಆದಾಯಕ್ಕೆ 4000ದಿಂದ, ಖರ್ಚಿಗೆ 5000ದಿಂದ. ಹತ್ತತ್ತು ಸಂಖ್ಯೆ ಬಿಟ್ಟು ಬಿಟ್ಟು ಕೊಟ್ಟರೆ ನಡುವೆ ಹೊಸದನ್ನು ಸೇರಿಸಲು ಜಾಗ ಇರುತ್ತದೆ. ಪಾರ್ಟಿಗಳ ಹೆಸರು ಬಿಟ್ಟರೆ ಇಂಥ ಅಂಗಡಿಗೆ ನಲವತ್ತು-ಐವತ್ತು ಖಾತೆ ಸಾಕು. ಚಹಾಕ್ಕೊಂದು, ಬಿಸ್ಕತ್ತಿಗೊಂದು ಪುಟ ತೆರೆದರೆ ವರ್ಷದ ಕೊನೆಗೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಎಲ್ಲವನ್ನೂ "ಇತರೆ ಖರ್ಚು" ಎಂದು ತುಂಬಿದರೂ ಅಷ್ಟೇ. ಇತರೆ ಖರ್ಚು ಸಂಬಳಕ್ಕಿಂತ ದೊಡ್ಡದಾಗಿ ಬೆಳೆದಿದ್ದರೆ ಆಡಿಟರ್ ಮೊದಲು ತೆರೆಯುವ ಪುಟ ಅದೇ.

ಜಿಎಸ್‌ಟಿಗೆ ಕನಿಷ್ಠ ಆರು ಖಾತೆ ಬೇಕು. ಖರೀದಿಯ ಮೇಲೆ ಕೊಟ್ಟದ್ದಕ್ಕೆ ಇನ್‌ಪುಟ್ ಸಿಜಿಎಸ್‌ಟಿ (ಕೇಂದ್ರದ ಪಾಲು), ಇನ್‌ಪುಟ್ ಎಸ್‌ಜಿಎಸ್‌ಟಿ (ರಾಜ್ಯದ ಪಾಲು), ಇನ್‌ಪುಟ್ ಐಜಿಎಸ್‌ಟಿ (ಹೊರರಾಜ್ಯದ ವ್ಯವಹಾರಕ್ಕೆ). ಮಾರಾಟದ ಮೇಲೆ ವಸೂಲು ಮಾಡಿದ್ದಕ್ಕೆ ಔಟ್‌ಪುಟ್ ಮೂರು. "ಜಿಎಸ್‌ಟಿ" ಎಂದು ಒಂದೇ ಪುಟ ತೆರೆಯುವವರಿದ್ದಾರೆ. ಸಿಜಿಎಸ್‌ಟಿ ಕ್ರೆಡಿಟ್ಟನ್ನು, ಅಂದರೆ ಖರೀದಿಯಲ್ಲಿ ಕೊಟ್ಟು ಮುಂದೆ ಕಟ್ಟುವ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದಾದ ಮೊತ್ತವನ್ನು, ಎಸ್‌ಜಿಎಸ್‌ಟಿ ಕಟ್ಟಲು ಬಳಸುವಂತಿಲ್ಲ, ಆದ್ದರಿಂದ ಒಟ್ಟು ಮೊತ್ತ ಸರಿಯಿದ್ದರೂ ರಿಟರ್ನ್ ತುಂಬುವ ದಿನ ಆ ಪುಟ ಕೈಕೊಡುತ್ತದೆ. ಅಂಗಡಿ ಬಾಡಿಗೆಯದಾಗಿದ್ದು ಜಾಗದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ತೆರಿಗೆಯನ್ನು ಬಾಡಿಗೆದಾರನೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಬೇಕು. ಅದಕ್ಕೂ ಬೇರೆ ಖಾತೆ ಇರಲಿ. ನಮ್ಮ ಉದಾಹರಣೆಯ ಅಂಗಡಿ ಸ್ವಂತ ಜಾಗದಲ್ಲಿದೆ.

ಹಂತ 2: ಪುಟ ಹೇಗಿರಬೇಕು

ಪಠ್ಯಪುಸ್ತಕದ ಖಾತೆ ನಡುವೆ ಗೆರೆ ಎಳೆದ ಎರಡು ಮಗ್ಗುಲಿನದು, ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಪರೀಕ್ಷೆಗೆ ಅದು ಸರಿ. ಅಂಗಡಿಗೆ ಪಾಸ್‌ಬುಕ್ಕಿನಂಥ ಪುಟವೇ ಅನುಕೂಲ: ತಾರೀಖು, ವಿವರ, ಕಿರ್ದಿ ಪುಟ, ಡೆಬಿಟ್, ಕ್ರೆಡಿಟ್, ಶಿಲ್ಕು (ಎರಡರ ವ್ಯತ್ಯಾಸವಾಗಿ ಉಳಿದದ್ದು). ಪ್ರತಿ ಸಾಲಿನ ಕೊನೆಗೆ ಆ ಹೊತ್ತಿನ ಶಿಲ್ಕು ಕಾಣುವುದರಿಂದ ಗುತ್ತಿಗೆದಾರನಿಗೆ ಕೂಡಲೇ ಉತ್ತರ ಕೊಡಬಹುದು.

ಇಲ್ಲಿ ಎರಡು ಗೊಂದಲ ಪದೇ ಪದೇ ಬರುತ್ತವೆ. ಒಂದು, ನಮ್ಮ ಹಳೆಯ ದೇಶೀ ಲೆಕ್ಕದಲ್ಲಿ ಜಮಾ ಎಡಕ್ಕೆ, ಖರ್ಚು ಬಲಕ್ಕೆ. ಅಜ್ಜನ ಕಾಲದ ಕೆಂಪು ಬಟ್ಟೆಯ ಪುಸ್ತಕ ನೋಡಿ ಕಲಿತವರು ಇಂಗ್ಲಿಷ್ ಪದ್ಧತಿಯ ಪಾರ್ಟಿ ಖಾತೆಯನ್ನು ಉಲ್ಟಾ ಓದಿಬಿಡುತ್ತಾರೆ. ಎರಡು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ "ಕ್ರೆಡಿಟ್" ಎಂದಿದ್ದದ್ದು ನಿಮ್ಮ ಲೆಡ್ಜರಿನ ಬ್ಯಾಂಕ್ ಖಾತೆಯಲ್ಲಿ ಡೆಬಿಟ್ ಆಗುತ್ತದೆ. ಬ್ಯಾಂಕು ಬರೆಯುವುದು ತನ್ನ ಪುಸ್ತಕ. ನಿಮ್ಮ ಠೇವಣಿ ಅದಕ್ಕೆ ಹೊಣೆ, ನಿಮಗೆ ಆಸ್ತಿ. ಪಾಸ್‌ಬುಕ್ ಪಕ್ಕಕ್ಕಿಟ್ಟುಕೊಂಡು ನಕಲು ಮಾಡುವಂತೆ ಬರೆದರೆ ಬ್ಯಾಂಕ್ ಖಾತೆ ಪೂರ್ತಿ ತಲೆಕೆಳಗಾಗುತ್ತದೆ.

"ಕಿರ್ದಿ ಪುಟ" ಎಂಬ ಸಣ್ಣ ಕಾಲಮ್ಮನ್ನು ಖಾಲಿ ಬಿಡುವವರೇ ಹೆಚ್ಚು. ಬಿಡಬೇಡಿ. ಕಿರ್ದಿಯಲ್ಲಿ ಖಾತೆಯ ಸಂಖ್ಯೆ, ಖಾತೆಯಲ್ಲಿ ಕಿರ್ದಿಯ ಪುಟ, ಈ ಎರಡು ಗುರುತೇ ಮುಂದೆ ತಪ್ಪು ಹುಡುಕುವಾಗ ದಾರಿ ತೋರಿಸುವುದು. ಕಿರ್ದಿಯಲ್ಲಿ ಖಾತೆ ಸಂಖ್ಯೆ ಬರೆದಿಲ್ಲವೆಂದರೆ ಆ ಸಾಲು ಇನ್ನೂ ಲೆಡ್ಜರಿಗೆ ಹೋಗಿಲ್ಲ ಎಂದರ್ಥ. ಫೋನು ಬಂದು ಎದ್ದು ಹೋದವರು ವಾಪಸ್ ಬಂದು ಎಲ್ಲಿಂದ ಮುಂದುವರಿಯಬೇಕೆಂದು ತಿಳಿಯುವುದೂ ಇದರಿಂದಲೇ.

ಹಂತ 3: ಏಪ್ರಿಲ್ ತಿಂಗಳ ಕಿರ್ದಿ

- 1ಕ್ಕೆ ಮಾಲೀಕರು 5,00,000 ರೂ. ಬಂಡವಾಳವನ್ನು ಅಂಗಡಿಯ ಬ್ಯಾಂಕ್ ಖಾತೆಗೆ ಹಾಕಿದರು. ಬ್ಯಾಂಕ್ ಡೆಬಿಟ್, ಬಂಡವಾಳ ಕ್ರೆಡಿಟ್.
- 2ಕ್ಕೆ ನೋಂದಣಿ ಇಲ್ಲದವರಿಂದ ಹಳೆಯ ರ್‍ಯಾಕುಗಳು, ಚೆಕ್ 40,000. ಪೀಠೋಪಕರಣ ಡೆಬಿಟ್, ಬ್ಯಾಂಕ್ ಕ್ರೆಡಿಟ್.
- 3ಕ್ಕೆ ಗಲ್ಲಾಪೆಟ್ಟಿಗೆಗೆಂದು ಬ್ಯಾಂಕಿನಿಂದ ತೆಗೆದದ್ದು 20,000. ನಗದು ಡೆಬಿಟ್, ಬ್ಯಾಂಕ್ ಕ್ರೆಡಿಟ್.
- 5ಕ್ಕೆ ಹುಬ್ಬಳ್ಳಿಯ ಸಗಟು ವ್ಯಾಪಾರಿಯಿಂದ ಉದ್ರಿ ಖರೀದಿ: ಮಾಲು 2,00,000, ಸಿಜಿಎಸ್‌ಟಿ 18,000, ಎಸ್‌ಜಿಎಸ್‌ಟಿ 18,000, ಬಿಲ್ಲಿನ ಮೊತ್ತ 2,36,000. ಅದೇ ದಿನ ಮಾಲು ಇಳಿಸಿದ ಹಮಾಲಿ ನಗದು 1,500.
- 10ಕ್ಕೆ ನಗದು ಮಾರಾಟ 50,000, ತೆರಿಗೆ 4,500 ಮತ್ತು 4,500, ಕೈಗೆ ಬಂದದ್ದು 59,000.
- 14ಕ್ಕೆ ಗುತ್ತಿಗೆದಾರನಿಗೆ ಉದ್ರಿ ಮಾರಾಟ 1,00,000, ತೆರಿಗೆ 9,000 ಮತ್ತು 9,000, ಬಿಲ್ಲು 1,18,000.
- 20ಕ್ಕೆ ಹುಬ್ಬಳ್ಳಿಗೆ ನೆಫ್ಟ್ 1,50,000. 22ಕ್ಕೆ ಗುತ್ತಿಗೆದಾರನಿಂದ ಬ್ಯಾಂಕಿಗೆ ಬಂದದ್ದು 70,000.
- 25ಕ್ಕೆ ಗಲ್ಲಾದಿಂದ ಬ್ಯಾಂಕಿಗೆ ಕಟ್ಟಿದ್ದು 45,000. 28ಕ್ಕೆ ಮಾಲೀಕರು ಮನೆಗೆ ಒಯ್ದ ನಗದು 8,000. 30ಕ್ಕೆ ಕೆಲಸದವರ ಸಂಬಳ ಚೆಕ್ 12,000.

ರ್‍ಯಾಕನ್ನು ಖರೀದಿ ಖಾತೆಗೆ ಹಾಕಲಿಲ್ಲ ಎಂಬುದನ್ನು ಗಮನಿಸಿ. ಖರೀದಿ ಖಾತೆ ಮಾರಲು ತಂದ ಮಾಲಿಗೆ ಮಾತ್ರ. ಇನ್‌ಪುಟ್ ತೆರಿಗೆಯೂ ಖರ್ಚಲ್ಲ. ಕ್ರೆಡಿಟ್ ಸಿಗುವವರೆಗೆ ಅದು ಸರ್ಕಾರದ ಕಡೆಯಿಂದ ನಿಮಗೆ ಬರಬೇಕಾದದ್ದು, ಆಸ್ತಿ. ಹಾಗೆಯೇ ಮಾಲೀಕರು ಒಯ್ದ 8,000 ಅಂಗಡಿಯ ಖರ್ಚಲ್ಲ, ಬಂಡವಾಳದಿಂದ ತೆಗೆದದ್ದು. ಅದಕ್ಕೆ "ಮಾಲೀಕರ ಹಿಂಪಡೆತ" ಎಂದು ಬೇರೆ ಪುಟ.

ಹಂತ 4: ಖತಾವಣಿ

ಕಿರ್ದಿಯ ಸಾಲನ್ನು ಖಾತೆಗಳಿಗೆ ಒಯ್ಯುವುದೇ ಖತಾವಣಿ. 14ರ ಒಂದು ಮಾರಾಟವನ್ನು ಹತ್ತಿರದಿಂದ ನೋಡೋಣ.

ಗುತ್ತಿಗೆದಾರನ ಖಾತೆ ತೆರೆಯಿರಿ. ತಾರೀಖು ಏಪ್ರಿಲ್ 14, ವಿವರದಲ್ಲಿ "ಮಾರಾಟ, ಬಿಲ್ ಸಂಖ್ಯೆ" ಎಂದು ಬರೆದು ಡೆಬಿಟ್ ಕಾಲಮ್ಮಿನಲ್ಲಿ 1,18,000. ಕಿರ್ದಿಗೆ ಹಿಂತಿರುಗಿ ಆ ಸಾಲಿನ ಮುಂದೆ ಗುತ್ತಿಗೆದಾರನ ಖಾತೆ ಸಂಖ್ಯೆ ಹಾಕಿ. ನಂತರ ಮಾರಾಟ ಖಾತೆಯ ಕ್ರೆಡಿಟ್‌ನಲ್ಲಿ 1,00,000, ಔಟ್‌ಪುಟ್ ಸಿಜಿಎಸ್‌ಟಿಯ ಕ್ರೆಡಿಟ್‌ನಲ್ಲಿ 9,000, ಔಟ್‌ಪುಟ್ ಎಸ್‌ಜಿಎಸ್‌ಟಿಯ ಕ್ರೆಡಿಟ್‌ನಲ್ಲಿ 9,000. ಪ್ರತಿ ಸಲವೂ ಕಿರ್ದಿಗೆ ಬಂದು ಸಂಖ್ಯೆ ಹಾಕಿಯೇ ಮುಂದಿನ ಪುಟಕ್ಕೆ ಹೋಗಬೇಕು. ಒಂದು ಬಿಲ್ಲು ನಾಲ್ಕು ಪುಟ ಮುಟ್ಟಿತು. ಒಂದು ಕಡೆ 1,18,000, ಇನ್ನೊಂದು ಕಡೆ ಮೂರು ಸೇರಿ 1,18,000.

ಮಾರಾಟ ಖಾತೆಗೆ 1,18,000 ಪೂರ್ತಿ ಹಾಕಿಬಿಡುವುದು ಹೊಸಬರ ಮಾಮೂಲಿ ತಪ್ಪು. ಡೆಬಿಟ್-ಕ್ರೆಡಿಟ್ ಸರಿಹೋಗುತ್ತದೆ, ಲಾಭ ಮಾತ್ರ 18,000 ಉಬ್ಬುತ್ತದೆ.

ಇನ್ನು ವಿವರದ ಕಾಲಮ್ಮಿನ ಬಗ್ಗೆ ಒಂದು ಮಾತು. "ಮಾರಾಟ" ಎಂದಷ್ಟೇ ಬರೆದರೆ ಆರು ತಿಂಗಳ ನಂತರ ಪಾರ್ಟಿ ಜಗಳ ತೆಗೆದಾಗ ಆ ಪುಟ ನಿಮ್ಮ ಪರವಾಗಿ ಏನೂ ಹೇಳುವುದಿಲ್ಲ. ಬಿಲ್ ಸಂಖ್ಯೆ, ಚೆಕ್ ಸಂಖ್ಯೆ ಅಥವಾ ಯುಟಿಆರ್ (ಬ್ಯಾಂಕ್ ವರ್ಗಾವಣೆಯ ಗುರುತು) ಸಂಖ್ಯೆ, ದುಡ್ಡು ಬಂದಿದ್ದರೆ ಯಾವ ಬಿಲ್ಲಿನ ಬಾಬ್ತು, ಇವಿಷ್ಟಿರಲಿ.

ತಿಂಗಳಿಗೆ ಇನ್ನೂರು ಬಿಲ್ಲು ಇರುವಲ್ಲಿ ಪ್ರತಿಯೊಂದನ್ನೂ ಮಾರಾಟ ಖಾತೆಗೆ ಒಯ್ಯಬೇಕಿಲ್ಲ. ಮಾರಾಟ ಪುಸ್ತಕ, ಖರೀದಿ ಪುಸ್ತಕ ಬೇರೆ ಇಟ್ಟು ಪಾರ್ಟಿಗಳ ಖಾತೆಗೆ ದಿನವೂ, ಮಾರಾಟ ಮತ್ತು ತೆರಿಗೆ ಖಾತೆಗಳಿಗೆ ತಿಂಗಳ ಕೊನೆಗೆ ಒಟ್ಟು ಮೊತ್ತ ಒಂದೇ ಸಲ ಒಯ್ಯುತ್ತಾರೆ. ಪಾರ್ಟಿಗಳೂ ನೂರಾರು ಆದಾಗ ಅವುಗಳನ್ನು ಬೇರೆ ಪುಸ್ತಕಕ್ಕೆ ತೆಗೆದು ಜನರಲ್ ಲೆಡ್ಜರಿನಲ್ಲಿ "ಗಿರಾಕಿಗಳ ಬಾಕಿ" ಎಂಬ ಒಂದೇ ನಿಯಂತ್ರಣ ಖಾತೆ ಉಳಿಸಿಕೊಳ್ಳುತ್ತಾರೆ. ನಮ್ಮ ಹಳ್ಳಿಗಳ ಸಹಕಾರ ಸಂಘಗಳಲ್ಲಿ ಕಾಣುವುದು ಇದೇ ವ್ಯವಸ್ಥೆ: ಸದಸ್ಯರ ಸಾಲದ ಖಾತೆಗಳು ಬೇರೆ ಪುಸ್ತಕದಲ್ಲಿ, ಜನರಲ್ ಲೆಡ್ಜರಿನಲ್ಲಿ ಆ ಸಾಲದ ಒಟ್ಟು ಮಾತ್ರ. ಸದಸ್ಯರ ಬಾಕಿಗಳನ್ನು ಕೂಡಿದ ಮೊತ್ತ ಆ ಒಟ್ಟಿಗೆ ಸರಿಯಾಗಿ ಬರದಿದ್ದರೆ ಎಲ್ಲೋ ಒಬ್ಬರ ಕಂತು ಎರಡು ಪುಸ್ತಕಗಳಲ್ಲಿ ಒಂದರಲ್ಲಿ ಮಾತ್ರ ಬಿದ್ದಿದೆ, ಇಲ್ಲವೇ ಕೂಡಿಕೆ ತಪ್ಪಿದೆ.

ಹಂತ 5: ಶಿಲ್ಕು ತೆಗೆಯುವುದು

ತಿಂಗಳಾಂತ್ಯಕ್ಕೆ ನಮ್ಮ ಬ್ಯಾಂಕ್ ಖಾತೆ ಹೀಗಿರುತ್ತದೆ:

| ತಾರೀಖು | ವಿವರ | ಡೆಬಿಟ್ | ಕ್ರೆಡಿಟ್ | ಶಿಲ್ಕು |
|---|---|---|---|---|
| ಏ. 1 | ಬಂಡವಾಳ | 5,00,000 | | 5,00,000 |
| ಏ. 2 | ಪೀಠೋಪಕರಣ | | 40,000 | 4,60,000 |
| ಏ. 3 | ನಗದು | | 20,000 | 4,40,000 |
| ಏ. 20 | ಹುಬ್ಬಳ್ಳಿ ವ್ಯಾಪಾರಿ | | 1,50,000 | 2,90,000 |
| ಏ. 22 | ಗುತ್ತಿಗೆದಾರ | 70,000 | | 3,60,000 |
| ಏ. 25 | ನಗದು | 45,000 | | 4,05,000 |
| ಏ. 30 | ಸಂಬಳ | | 12,000 | 3,93,000 |

ಡೆಬಿಟ್ ಒಟ್ಟು 6,15,000, ಕ್ರೆಡಿಟ್ ಒಟ್ಟು 2,22,000, ವ್ಯತ್ಯಾಸ 3,93,000. ಕೊನೆಯ ಸಾಲಿನ ಶಿಲ್ಕಿಗೆ ಹೊಂದಿತು. ಈ ಎರಡು ದಾರಿಯ ಪರೀಕ್ಷೆಯನ್ನು ಪ್ರತಿ ಖಾತೆಗೂ ಮಾಡಿ, ಮೊದಲು ಪೆನ್ಸಿಲ್‌ನಲ್ಲಿ. ಮುಂದಿನ ಹಂತದ ತಾಳೆಪಟ್ಟಿ ಸೇರಿದ ಮೇಲೆ ಶಾಯಿ. ಪುಟ ತುಂಬಿದಾಗ ಒಟ್ಟನ್ನು ಮುಂದಿನ ಪುಟಕ್ಕೆ ಒಯ್ಯುವಲ್ಲಿ ಅಂಕಿ ತಪ್ಪುವುದು ಬಹಳ, ಅಲ್ಲಿ ಎರಡು ಸಲ ನೋಡಿ. ಬರೆದದ್ದು ತಪ್ಪಾದರೆ ಅಂಕಿಯ ಮೇಲೆ ಅಂಕಿ ತಿದ್ದಬೇಡಿ, ವೈಟ್‌ನರ್ ಅಂತೂ ಬೇಡವೇ ಬೇಡ. ಒಂದು ಗೆರೆ ಹೊಡೆದು ಮೇಲೆ ಬರೆದು ಸಹಿ ಹಾಕಿ. ತಿಂಗಳು ಮುಗಿದ ಮೇಲೆ ಸಿಕ್ಕ ತಪ್ಪನ್ನು ಹೊಸ ಕಿರ್ದಿ ನಮೂದಿನಿಂದಲೇ ಸರಿಪಡಿಸಬೇಕು.

ಶಿಲ್ಕಿನ ಮಗ್ಗುಲೇ ಒಂದು ಎಚ್ಚರಿಕೆ ಗಂಟೆ. ನಗದು ಖಾತೆಗೆ ಕ್ರೆಡಿಟ್ ಶಿಲ್ಕು ಬರಲು ಸಾಧ್ಯವೇ ಇಲ್ಲ, ಇಲ್ಲದ ದುಡ್ಡನ್ನು ಪೆಟ್ಟಿಗೆಯಿಂದ ಕೊಡಲಾಗುವುದಿಲ್ಲ. ಬಂದರೆ ಯಾವುದೋ ಜಮೆ ಬರೆಯುವುದು ಬಿಟ್ಟುಹೋಗಿದೆ, ಅಥವಾ ಮಾಲೀಕರು ಜೇಬಿನಿಂದ ಹಾಕಿದ್ದು ದಾಖಲಾಗಿಲ್ಲ. ತಿಂಗಳ ಕೊನೆಗೆ ಪಾಸಿಟಿವ್ ಇದ್ದರೆ ಸಾಲದು, ದಿನದ ಶಿಲ್ಕು ನೋಡಬೇಕು. ಗಿರಾಕಿಯ ಖಾತೆಯಲ್ಲಿ ಕ್ರೆಡಿಟ್ ಶಿಲ್ಕು ಬಂದರೆ ಆತ ಮುಂಗಡ ಕೊಟ್ಟಿದ್ದಾನೆ; ಅದನ್ನು ಹೊಣೆಯ ಕಡೆ ತೋರಿಸಬೇಕು, ಬೇರೆ ಗಿರಾಕಿಗಳ ಬಾಕಿಯಲ್ಲಿ ಕಳೆಯುವಂತಿಲ್ಲ.

ಹಂತ 6: ತಾಳೆಪಟ್ಟಿ, ಮತ್ತು ತಾಳೆಯಾಗದ 18,000

ಎಲ್ಲ ಖಾತೆಗಳ ಶಿಲ್ಕನ್ನು ಒಂದು ಹಾಳೆಗೆ ಇಳಿಸಿ. ಇದೇ ತಾಳೆಪಟ್ಟಿ, ಎರಡು ಮಗ್ಗುಲಿನ ಒಟ್ಟೂ ಸಮ ಬರಬೇಕು.

| ಖಾತೆ | ಡೆಬಿಟ್ | ಕ್ರೆಡಿಟ್ |
|---|---|---|
| ಬ್ಯಾಂಕ್ | 3,93,000 | |
| ನಗದು | 24,500 | |
| ಪೀಠೋಪಕರಣ | 40,000 | |
| ಗುತ್ತಿಗೆದಾರ | 48,000 | |
| ಇನ್‌ಪುಟ್ ಸಿಜಿಎಸ್‌ಟಿ | 18,000 | |
| ಇನ್‌ಪುಟ್ ಎಸ್‌ಜಿಎಸ್‌ಟಿ | 18,000 | |
| ಖರೀದಿ | 2,00,000 | |
| ಹಮಾಲಿ | 1,500 | |
| ಸಂಬಳ | 12,000 | |
| ಮಾಲೀಕರ ಹಿಂಪಡೆತ | 8,000 | |
| ಬಂಡವಾಳ | | 5,00,000 |
| ಮಾರಾಟ | | 1,50,000 |
| ಔಟ್‌ಪುಟ್ ಸಿಜಿಎಸ್‌ಟಿ | | 13,500 |
| ಔಟ್‌ಪುಟ್ ಎಸ್‌ಜಿಎಸ್‌ಟಿ | | 13,500 |
| ಹುಬ್ಬಳ್ಳಿ ವ್ಯಾಪಾರಿ | | 86,000 |
| ಒಟ್ಟು | 7,63,000 | 7,63,000 |

ಮೊದಲ ಪ್ರಯತ್ನಕ್ಕೇ ಹೀಗೆ ಬರುವುದು ಅಪರೂಪ. ಎರಡು ಮಗ್ಗುಲಿನ ನಡುವೆ 18,000 ವ್ಯತ್ಯಾಸ ಬಂತು ಎಂದುಕೊಳ್ಳಿ. ಕಿರ್ದಿಯನ್ನು ಮೊದಲಿನಿಂದ ಓದಲು ಕೂರಬೇಡಿ. ಮೂರು ಪ್ರಶ್ನೆ ಕೇಳಿ. ಅಷ್ಟೇ ಮೊತ್ತದ ಶಿಲ್ಕು ಯಾವುದಾದರೂ ಹಾಳೆಗೆ ಇಳಿಯದೆ ಉಳಿದಿದೆಯೇ? ಅದರ ಅರ್ಧ, ಅಂದರೆ 9,000, ತಪ್ಪು ಮಗ್ಗುಲಿಗೆ ಹೋಗಿದೆಯೇ? 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಯೇ, ಹಾಗಾದರೆ ಅಂಕಿಗಳು ಅದಲುಬದಲಾಗಿವೆಯೇ?

ನಮ್ಮ ಪಟ್ಟಿಯಲ್ಲಿ ಮೂರಕ್ಕೂ ಒಬ್ಬೊಬ್ಬ ಆರೋಪಿ ಇದ್ದಾನೆ. ಇನ್‌ಪುಟ್ ಸಿಜಿಎಸ್‌ಟಿ 18,000 ಬರೆಯುವುದೇ ಬಿಟ್ಟಿರಬಹುದು. ಗುತ್ತಿಗೆದಾರನ ಬಿಲ್ಲಿನ ಔಟ್‌ಪುಟ್ ಸಿಜಿಎಸ್‌ಟಿ 9,000 ಡೆಬಿಟ್ಟಿಗೆ ಹೋಗಿರಬಹುದು. ಹುಬ್ಬಳ್ಳಿಯ 86,000 ಹಾಳೆಗೆ ಇಳಿಯುವಾಗ 68,000 ಆಗಿರಬಹುದು, ಅದೂ 18,000 ವ್ಯತ್ಯಾಸ. ಇವರಲ್ಲಿ ಯಾರು ಎಂದು ತಿಳಿಯಲು ಯಾವ ಮಗ್ಗುಲು ಕಡಿಮೆ ಬಿದ್ದಿದೆ ನೋಡಿ. ಡೆಬಿಟ್ ಕಡಿಮೆಯಿದ್ದರೆ ಮೊದಲನೆಯದು. ಕ್ರೆಡಿಟ್ ಕಡಿಮೆಯಿದ್ದರೆ ಉಳಿದ ಎರಡರಲ್ಲೊಂದು, ಮತ್ತು ಆ ಎರಡು ಪುಟ ತೆರೆದು ನೋಡಲು ಒಂದು ನಿಮಿಷ ಸಾಕು. 9ರಿಂದ ಭಾಗವಾಗುವ ಇನ್ನೊಂದು ತಪ್ಪೆಂದರೆ ಸೊನ್ನೆ ಜಾರುವುದು: 40,000 ಬದಲು 4,000 ಬರೆದರೆ ವ್ಯತ್ಯಾಸ 36,000.

ಇಷ್ಟಾದರೂ ಸಿಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ (ಕಾರಣ ಸಿಗುವವರೆಗಿನ ತಾತ್ಕಾಲಿಕ ಪುಟ) ಹಾಕಿ ಕೆಲಸ ಮುಂದುವರಿಸಬಹುದು, ಆದರೆ ಮುಂದಿನ ತಿಂಗಳೊಳಗೆ ಅದನ್ನು ಖಾಲಿ ಮಾಡಬೇಕು. "ಬರೀ ಐವತ್ತು ರೂಪಾಯಿ ತಾನೇ" ಎಂದು ಬಿಡುವುದು ಅಪಾಯ. ಐವತ್ತರ ಹಿಂದೆ 40,000 ಒಂದು ಕಡೆ, 39,950 ಇನ್ನೊಂದು ಕಡೆ ಅಡಗಿರಬಹುದು.

ತಾಳೆಯಾಯಿತು, ಆದರೂ ತಪ್ಪು

ತಾಳೆಪಟ್ಟಿ ಸೇರಿದ ಖುಷಿಯಲ್ಲಿ ಪುಸ್ತಕ ಮುಚ್ಚುವವರಿಗೆ ಈ ಮಾತು. ಕೂಡಿಕೆ ಸರಿಯಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ. ಬಿಲ್ಲೊಂದು ಪೂರ್ತಿ ಬಿಟ್ಟುಹೋದರೆ ಎರಡೂ ಮಗ್ಗುಲು ಒಟ್ಟಿಗೇ ಬಿಟ್ಟುಹೋಗುತ್ತವೆ, ಪಟ್ಟಿ ಸುಮ್ಮನಿರುತ್ತದೆ. ಒಬ್ಬ ಗುತ್ತಿಗೆದಾರನ ದುಡ್ಡನ್ನು ಅದೇ ಹೆಸರಿನ ಇನ್ನೊಬ್ಬನ ಖಾತೆಗೆ ಜಮೆ ಮಾಡಿದರೂ ಸುಮ್ಮನಿರುತ್ತದೆ. ರ್‍ಯಾಕಿನ 40,000 ಖರೀದಿ ಖಾತೆಗೆ ಹೋಗಿದ್ದರೆ ಲಾಭ ಅಷ್ಟೂ ಕುಗ್ಗುತ್ತದೆ, ಆಗಲೂ ಪಟ್ಟಿ ಸೇರುತ್ತದೆ; ತಿದ್ದಲು ಪೀಠೋಪಕರಣ ಡೆಬಿಟ್, ಖರೀದಿ ಕ್ರೆಡಿಟ್ ಎಂದು 40,000ಕ್ಕೆ ಒಂದು ಕಿರ್ದಿ ನಮೂದು ಬೇಕು. ಇಂಥ ತಪ್ಪುಗಳು ಸಿಗುವುದು ಹೊರಗಿನವರ ಕಾಗದದ ಪಕ್ಕ ಲೆಡ್ಜರ್ ಇಟ್ಟಾಗ ಮಾತ್ರ. ಹೀಗಾಗಿ ಮುಂದಿನ ಹಂತವೇ ಇಡೀ ಕೆಲಸದ ತಿರುಳು.

ಹಂತ 7: ಹೊರಗಿನ ಕಾಗದದ ಜೊತೆ ಹೊಂದಿಸುವುದು

*ಬ್ಯಾಂಕ್.* ನಮ್ಮ ಪುಸ್ತಕದಲ್ಲಿ 3,93,000, ಸ್ಟೇಟ್‌ಮೆಂಟಿನಲ್ಲಿ 4,04,764. ಒಂದೊಂದೇ ಸಾಲಿಗೆ ಟಿಕ್ ಹಾಕುತ್ತ ಹೋಗಿ. ಟಿಕ್ ಬೀಳದೆ ಉಳಿದದ್ದು ಎರಡು: 30ರ ಸಂಬಳದ ಚೆಕ್ 12,000 ಇನ್ನೂ ಬ್ಯಾಂಕಿಗೆ ಬಂದಿಲ್ಲ, ಬ್ಯಾಂಕು ಶುಲ್ಕವೆಂದು 200 ಮತ್ತು ಅದರ ಮೇಲೆ ತೆರಿಗೆ 36, ಒಟ್ಟು 236 ಕಡಿದಿದೆ. ಮೊದಲನೆಯದಕ್ಕೆ ನೀವು ಏನೂ ಬರೆಯಬೇಕಿಲ್ಲ, ಚೆಕ್ ಪಾಸಾದಾಗ ತಾನೇ ಸರಿಹೋಗುತ್ತದೆ. ಎರಡನೆಯದಕ್ಕೆ ನಮೂದು ಬೇಕು: ಬ್ಯಾಂಕ್ ಶುಲ್ಕ 200, ಇನ್‌ಪುಟ್ ಸಿಜಿಎಸ್‌ಟಿ 18, ಇನ್‌ಪುಟ್ ಎಸ್‌ಜಿಎಸ್‌ಟಿ 18 ಡೆಬಿಟ್, ಬ್ಯಾಂಕ್ 236 ಕ್ರೆಡಿಟ್. ಈಗ ಪುಸ್ತಕದ ಶಿಲ್ಕು 3,92,764. ಅದಕ್ಕೆ ಬಾಕಿ ಚೆಕ್ 12,000 ಕೂಡಿದರೆ ಸ್ಟೇಟ್‌ಮೆಂಟಿನ ಮೊತ್ತ.

*ನಗದು.* ಪೆಟ್ಟಿಗೆಯ ನೋಟು ಎಣಿಸಿ, 24,500 ಇರಬೇಕು. ವಾರಕ್ಕೊಮ್ಮೆಯಾದರೂ, ಪುಸ್ತಕ ಬರೆಯದ ಬೇರೆಯವರು ಎಣಿಸಲಿ. ನಗದು ಪುಟ ತಿರುವುವಾಗ ಒಬ್ಬರಿಗೇ ಒಂದೇ ದಿನ 10,000 ರೂ. ಮೀರಿ ನಗದು ಖರ್ಚು ಕೊಟ್ಟದ್ದಿದೆಯೇ ನೋಡಿ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಆದಾಯ ತೆರಿಗೆ ಲೆಕ್ಕದಲ್ಲಿ ಅಂಥ ಖರ್ಚನ್ನು ಒಪ್ಪುವುದಿಲ್ಲ. ಲಾರಿ ಬಾಡಿಗೆಗೆ ಈ ಮಿತಿ 35,000.

*ಪಾರ್ಟಿಗಳು.* ದೊಡ್ಡ ಪಾರ್ಟಿಗಳಿಗೆ ಖಾತೆಯ ನಕಲು ಕಳಿಸಿ ಒಪ್ಪಿಗೆ ಪಡೆಯಿರಿ. ಹುಬ್ಬಳ್ಳಿಯವರ ಪುಸ್ತಕದಲ್ಲಿ ನಿಮ್ಮ ಹೆಸರಿನಲ್ಲಿ 86,000 ಡೆಬಿಟ್ ಇರಬೇಕು. ಸೇರದಿದ್ದರೆ ದಾರಿಯಲ್ಲಿರುವ ಪೇಮೆಂಟು, ವಾಪಸ್ ಮಾಡಿದ ಮಾಲು, ಕೊಡದೇ ಉಳಿದ ಕ್ರೆಡಿಟ್ ನೋಟು (ಬಿಲ್ಲಿನ ಮೊತ್ತ ಕಡಿಮೆ ಮಾಡಿ ಕೊಡುವ ಚೀಟಿ), ಈ ಮೂರರಲ್ಲೇ ಕಾರಣ ಸಿಗುವುದು ಹೆಚ್ಚು. ಗಿರಾಕಿಗಳ ಬಾಕಿಯನ್ನು 30, 60, 90 ದಿನ ಎಂದು ವಿಂಗಡಿಸಿ. ಕೊಡಬೇಕಾದವರ ಕಡೆಯೂ ದಿನ ಎಣಿಸಿ: ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಪೂರೈಕೆದಾರನಿಗೆ ದುಡ್ಡು ಕೊಡದಿದ್ದರೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು ವಾಪಸ್ ಮಾಡಬೇಕಾಗುತ್ತದೆ.

*ಜಿಎಸ್‌ಟಿ.* ಇನ್‌ಪುಟ್ ಖಾತೆಗಳನ್ನು ಜಿಎಸ್‌ಟಿಆರ್-2ಬಿ ಜೊತೆ, ಅಂದರೆ ಪೂರೈಕೆದಾರರು ಹಾಕಿದ ಬಿಲ್ಲುಗಳಿಂದ ಆಗುವ ಕ್ರೆಡಿಟ್ ಪಟ್ಟಿಯ ಜೊತೆ ಹೋಲಿಸಿ. ಅದು ಮುಂದಿನ ತಿಂಗಳ 14ಕ್ಕೆ ಪೋರ್ಟಲ್‌ನಲ್ಲಿ ಬರುತ್ತದೆ. ನಿಮ್ಮ ಲೆಡ್ಜರಿನಲ್ಲಿದ್ದು ಅಲ್ಲಿ ಇಲ್ಲದ ಬಿಲ್ಲನ್ನು ಪೂರೈಕೆದಾರ ಇನ್ನೂ ಅಪ್‌ಲೋಡ್ ಮಾಡಿಲ್ಲ, ಆ ತಿಂಗಳು ಆ ಕ್ರೆಡಿಟ್ ಸಿಗುವುದಿಲ್ಲ. ಮಾರಾಟ ಖಾತೆಯ 1,50,000 ನೀವು ತುಂಬುವ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ಕ್ಕೆ ಹೊಂದಬೇಕು. ನಮ್ಮ ಅಂಗಡಿಗೆ ಈ ತಿಂಗಳು ಕಟ್ಟುವುದೇನೂ ಇಲ್ಲ. ಇನ್‌ಪುಟ್ 18,018 ಮತ್ತು 18,018. ಔಟ್‌ಪುಟ್ 13,500 ಮತ್ತು 13,500. ಮುಂದಕ್ಕೆ ಹೋಗುವ ಕ್ರೆಡಿಟ್ 4,518ರಂತೆ ಎರಡು, ಒಟ್ಟು 9,036.

ಹಂತ 8: ಖಾತೆ ಮುಚ್ಚುವುದು

ಅನೇಕ ಅಂಗಡಿಗಳಲ್ಲಿ ಲೆಕ್ಕದ ಪುಸ್ತಕಕ್ಕೆ ಪೂಜೆ ದೀಪಾವಳಿಗೆ, ಕಾನೂನಿಗೆ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಆ ದಿನ ಆದಾಯ ಮತ್ತು ಖರ್ಚಿನ ಖಾತೆಗಳೆಲ್ಲ ಶೂನ್ಯವಾಗಿ ವ್ಯಾಪಾರ ಖಾತೆಗೆ ಮತ್ತು ಲಾಭ-ನಷ್ಟ ಖಾತೆಗೆ ಹೋಗುತ್ತವೆ. ಆಸ್ತಿ, ಹೊಣೆ, ಬಂಡವಾಳದ ಶಿಲ್ಕುಗಳು ಹೊಸ ವರ್ಷದ ಮೊದಲ ಸಾಲಾಗುತ್ತವೆ. ನಮ್ಮ ಒಂದೇ ತಿಂಗಳನ್ನು ವರ್ಷವೆಂದುಕೊಂಡು, ಸವಕಳಿಯನ್ನು (ಬಳಕೆಯಿಂದ ಆಸ್ತಿಯ ಬೆಲೆ ಇಳಿಯುವುದು) ಸದ್ಯಕ್ಕೆ ಬಿಟ್ಟು ಮುಚ್ಚಿ ನೋಡೋಣ.

ಉಳಿದ ದಾಸ್ತಾನು ಮಾತ್ರ ಈವರೆಗೆ ಲೆಡ್ಜರಿನಲ್ಲಿ ಎಲ್ಲೂ ಇಲ್ಲ. ಮಳಿಗೆಗೆ ಹೋಗಿ ಎಣಿಸಬೇಕು. ಎಣಿಸಿ ಕೊಂಡ ಬೆಲೆಗೆ, ಹಮಾಲಿಯ ಪಾಲೂ ಸೇರಿಸಿ, 85,000 ಬಂತು ಎನ್ನಿ. ದಾಸ್ತಾನು ಡೆಬಿಟ್, ವ್ಯಾಪಾರ ಖಾತೆ ಕ್ರೆಡಿಟ್. ಖರೀದಿ 2,00,000, ಹಮಾಲಿ 1,500, ಅದರಲ್ಲಿ ದಾಸ್ತಾನು 85,000 ಕಳೆದರೆ ಮಾರಿದ ಮಾಲಿನ ಅಸಲು 1,16,500. ಮಾರಾಟ 1,50,000, ಒಟ್ಟು ಲಾಭ 33,500. ಸಂಬಳ 12,000, ಬ್ಯಾಂಕ್ ಶುಲ್ಕ 200 ಕಳೆದು ನಿವ್ವಳ ಲಾಭ 21,300.

ಬಂಡವಾಳ 5,00,000ಕ್ಕೆ ಲಾಭ ಕೂಡಿಸಿ ಹಿಂಪಡೆತ 8,000 ಕಳೆದರೆ 5,13,300. ಹುಬ್ಬಳ್ಳಿಗೆ ಕೊಡಬೇಕಾದ 86,000 ಸೇರಿ ಹೊಣೆಯ ಕಡೆ 5,99,300. ಆಸ್ತಿಯ ಕಡೆ ಬ್ಯಾಂಕ್ 3,92,764, ನಗದು 24,500, ಪೀಠೋಪಕರಣ 40,000, ಗುತ್ತಿಗೆದಾರ 48,000, ದಾಸ್ತಾನು 85,000, ತೆರಿಗೆ ಕ್ರೆಡಿಟ್ 9,036. ಕೂಡಿ ನೋಡಿ, 5,99,300. ದಾಸ್ತಾನನ್ನು ಅಂದಾಜಿಗೆ ಹತ್ತು ಸಾವಿರ ಹೆಚ್ಚು ಬರೆದರೂ ಎರಡೂ ಕಡೆ ಹತ್ತು ಸಾವಿರ ಏರಿ ಹೀಗೇ ಸೇರುತ್ತದೆ. ಲಾಭ ಉಬ್ಬಿಸಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ, ಸಾಲ ಕೊಡುವ ಬ್ಯಾಂಕಿನವರು ದಾಸ್ತಾನಿನ ಪಟ್ಟಿ ಕೇಳುವುದು ಸುಮ್ಮನೆ ಅಲ್ಲ.

ಕಂಪ್ಯೂಟರಿನಲ್ಲಿ ಬರೆಯುವವರಿಗೆ

1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿಯ ಟ್ಯಾಲಿ ಇವತ್ತು ನಮ್ಮಲ್ಲಿ ಲೆಕ್ಕಕ್ಕೆ ಪರ್ಯಾಯ ಪದವೇ ಆಗಿದೆ. ಅದರಲ್ಲಿ "ಲೆಡ್ಜರ್" ಎಂದರೆ ಇಡೀ ಪುಸ್ತಕವಲ್ಲ, ಒಂದು ಖಾತೆ. ವೋಚರ್ ಒಂದನ್ನು ಹಾಕಿದರೆ ಖತಾವಣಿ, ಶಿಲ್ಕು, ತಾಳೆಪಟ್ಟಿ ಮೂರೂ ತಾವಾಗಿಯೇ ಆಗುತ್ತವೆ, ಡೆಬಿಟ್-ಕ್ರೆಡಿಟ್ ಸೇರದ ವೋಚರನ್ನು ಅದು ಉಳಿಸಿಕೊಳ್ಳುವುದೇ ಇಲ್ಲ. ಹಾಗೆಂದು ಹಂತ 6ರ ಕೆಲಸ ಉಳಿದರೂ ಹಂತ 1 ಮತ್ತು 7ರ ಕೆಲಸ ಮಾಡಲೇಬೇಕು. ಕೈಬರಹದಲ್ಲಿ ಅಂಕಿ ತಪ್ಪುತ್ತಿತ್ತು, ಇಲ್ಲಿ ಗುಂಪು ತಪ್ಪುತ್ತದೆ. ಹೊಸ ಖಾತೆ ತೆರೆಯುವಾಗ ಮಾಲೀಕರ ಹಿಂಪಡೆತವನ್ನು ಪರೋಕ್ಷ ಖರ್ಚಿನ ಗುಂಪಿಗೆ ಸೇರಿಸಿದರೆ ನಮ್ಮ ಲಾಭ 21,300 ಹೋಗಿ 13,300 ಆಗುತ್ತದೆ, ಪರದೆಯ ಮೇಲೆ ಎಲ್ಲವೂ ತಾಳೆಯಾಗಿಯೇ ಕಾಣುತ್ತದೆ. ಒಂದೇ ಪಾರ್ಟಿಗೆ ಕಾಗುಣಿತ ಬೇರೆಯಾಗಿ ಎರಡು ಖಾತೆ ತೆರೆದು, ಬಿಲ್ಲು ಒಂದಕ್ಕೆ, ದುಡ್ಡು ಇನ್ನೊಂದಕ್ಕೆ ಹೋಗುವುದಂತೂ ನಿತ್ಯದ ಕಥೆ. ಹೊಸ ಖಾತೆ ತೆರೆಯುವ ಅಧಿಕಾರ ಒಬ್ಬರ ಕೈಯಲ್ಲೇ ಇರಲಿ.

ನಿಮ್ಮದು ಕಂಪನಿಯಾಗಿದ್ದರೆ ಜೋಡಿ ನಮೂದಿನ ಪದ್ಧತಿ ಕಡ್ಡಾಯ. 2023ರ ಏಪ್ರಿಲ್ 1ರಿಂದ ಸಾಫ್ಟ್‌ವೇರಿನಲ್ಲಿ ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬ ಜಾಡು ಉಳಿಯಲೇಬೇಕು, ಅದನ್ನು ಆಫ್ ಮಾಡುವಂತಿಲ್ಲ. ಕಂಪನಿಗಳು ಪುಸ್ತಕಗಳನ್ನು ಎಂಟು ವರ್ಷ ಇಟ್ಟಿರಬೇಕು. ಜಿಎಸ್‌ಟಿ ನೋಂದಣಿ ಇರುವ ಯಾವ ಅಂಗಡಿಯಾದರೂ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು: 2024-25ರ ಲೆಡ್ಜರನ್ನು 2031ರ ಡಿಸೆಂಬರ್ 31ರವರೆಗೆ. ಬ್ಯಾಕಪ್ ಒಂದು ಅಂಗಡಿಯ ಹೊರಗಿರಲಿ, ಮತ್ತು ಮಾರ್ಚ್ 31ರ ತಾಳೆಪಟ್ಟಿಯನ್ನೂ ಪಾರ್ಟಿ ಖಾತೆಗಳನ್ನೂ ಮುದ್ರಿಸಿ, ಸಹಿ ಹಾಕಿ, ಬಿಲ್ಲಿನ ಫೈಲಿನ ಜೊತೆಗೇ ಕಟ್ಟಿಡಿ.